ಮುಷ್ಟಿಕಾಳಗದಲ್ಲಿ ತೂಕದ ಕೊನೆಯ ಗೆರೆ

2024ನೆಯ ಇಸವಿ ಮೇ 18ನೆಯ ತಾರೀಖಿನ ರಾತ್ರಿ ಸೌದಿ ಅರೇಬಿಯದ ರಿಯಾಧ್ ನಗರದಲ್ಲಿ ಇಬ್ಬರು ಮುಷ್ಟಿಮಲ್ಲರು ಹಗ್ಗ ಕಟ್ಟಿದ ಕಣದೊಳಗೆ ಎದುರುಬದುರಾದರು. ಒಬ್ಬನು ಯುಕ್ರೇನ್ ದೇಶದ ಒಲೆಕ್ಸಾಂಡರ್ ಉಸಿಕ್. ಎತ್ತರ ಆರಡಿ ಮೂರಂಗುಲ, ತೂಕ 223½ ಪೌಂಡು. ಮತ್ತೊಬ್ಬನು ಇಂಗ್ಲೆಂಡಿನ ಟೈಸನ್ ಫ್ಯೂರಿ. ಎತ್ತರ ಆರಡಿ ಒಂಬತ್ತಂಗುಲ, ತೂಕ 262 ಪೌಂಡು. ಅಂತರವನ್ನು ನಮ್ಮ ಈಗಿನ ಲೆಕ್ಕಕ್ಕೆ ತಂದರೆ ಹದಿನೇಳೂವರೆ ಕಿಲೋ. ಐದು ವರ್ಷದ ಮಗುವಿನ ತೂಕದಷ್ಟು. ಅಷ್ಟು ಹೆಚ್ಚಿನ ಭಾರವನ್ನು ಬೆನ್ನಿಗಿಟ್ಟುಕೊಂಡು ಒಬ್ಬನು ಹೊಡೆಯುವನು, ಇನ್ನೊಬ್ಬನು ಆ ಹೊಡೆತವನ್ನು ತಡೆಯಬೇಕು. ಆದರೂ ಶಾಸ್ತ್ರದ ದೃಷ್ಟಿಯಲ್ಲಿ ಇಬ್ಬರೂ ಸಮಾನರು. ಏಕೆಂದರೆ ಬಾಕ್ಸಿಂಗ್ ವೃತ್ತಿಯ ನಿಯಮದಂತೆ 200 ಪೌಂಡು ಮೀರಿದವರೆಲ್ಲರೂ 'ಹೆವಿವೇಟ್' ಎಂಬ ಒಂದೇ ಪಂಕ್ತಿಯಲ್ಲಿ ಕೂಡತಕ್ಕವರು. ಆ ಪಂಕ್ತಿಗೆ ಕೆಳಗಡೆ ಗೆರೆಯುಂಟು, ಮೇಲ್ಗಡೆ ಗೆರೆಯಿಲ್ಲ.

ಹಾಗಾದರೆ ಮೇಲೂ ಒಂದು ಗೆರೆಯನ್ನೆಳೆದು, ಅದಕ್ಕೂ ಮಿಕ್ಕ ದೈತ್ಯದೇಹಿಗಳನ್ನು ಬೇರೊಂದು ವರ್ಗಕ್ಕೆ ಸೇರಿಸುವುದು ಯುಕ್ತವೆ? ಈ ಪ್ರಶ್ನೆಯು ನೂರು ವರ್ಷಗಳಿಂದ ಆಗಾಗ ತಲೆಯೆತ್ತುತ್ತಲೇ ಇದೆ. ಇದು ಪರದೇಶದ ಪಂದ್ಯ, ಗೃಹಸ್ಥರು ಓದುವ ಪತ್ರಿಕೆಗೆ ಇದರ ಗೊಡವೆ ಏತಕ್ಕೆ ಎಂದು ಕೆಲವು ವಾಚಕರು ಕೇಳಬಹುದು. ಈಗ ಬಾಕ್ಸಿಂಗ್ ಪರರ ಸೊತ್ತಾಗಿ ಉಳಿದಿಲ್ಲ. ನಮ್ಮ ದೇಶದ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಕೈಗವಸು ತೊಟ್ಟು ಪದಕಗಳನ್ನು ತರುತ್ತಿರುವರು. ನಾಳೆ ನಿಮ್ಮ ಮನೆಯ ಹುಡುಗನೋ ಹುಡುಗಿಯೋ 'ನಾನೂ ಕಲಿಯುವೆನು' ಎಂದು ಹೇಳಿದರೆ, ಎದುರಿಗೆ ನಿಲ್ಲುವವರ ತೂಕವೆಷ್ಟು ಎಂಬುದೇ ತಾಯಿತಂದೆಗಳು ಕೇಳತಕ್ಕ ಮೊದಲನೆಯ ಪ್ರಶ್ನೆ.

ಗೆರೆ ತಪ್ಪಾದ ಸ್ಥಳದಲ್ಲಿ ಬಿದ್ದರೆ ಆಗುವ ಅನ್ಯಾಯವನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಮಣಿಪುರದ ಮೇರಿ ಕೋಮ್ ಅವರು 2012ಕ್ಕೆ ಮೊದಲು ಐದು ಸಲ ವಿಶ್ವವಿಜೇತೆಯರಾಗಿದ್ದರು. ಆ ಐದು ಗೆಲುವುಗಳೂ 45ರಿಂದ 48 ಕಿಲೋಗಳವರೆಗಿನ ವರ್ಗಗಳಲ್ಲಿ ಬಂದವು. 2012ರಲ್ಲಿ ಲಂಡನ್ ಒಲಿಂಪಿಕ್ಸಿನಲ್ಲಿ ಸ್ತ್ರೀಯರಿಗೆ ಮೊಟ್ಟಮೊದಲು ಬಾಕ್ಸಿಂಗ್ ಪ್ರವೇಶ ದೊರೆತಾಗ ಏರ್ಪಡಿಸಿದ್ದುದು 51, 60, 75 ಕಿಲೋಗಳ ಮೂರೇ ವರ್ಗಗಳು. ಆಕೆಯು ಮೈಯ ತೂಕವನ್ನು ಪ್ರಯತ್ನಪೂರ್ವಕವಾಗಿ ಏರಿಸಿಕೊಂಡು, ಸ್ವಭಾವತಃ ತನಗಿಂತ ದೊಡ್ಡ ಮೈಯವರೊಡನೆ ಸೆಣಸಿ, ಕಂಚಿನ ಪದಕವನ್ನು ಪಡೆದರು. ಸರಿಯಾದ ವರ್ಗವಿದ್ದಿದ್ದರೆ ಪದಕದ ಬಣ್ಣ ಬೇರೆಯಾಗುತ್ತಿತ್ತೋ ಏನೋ ಯಾರು ಬಲ್ಲರು! ಕೆಳಗಿನ ತುದಿಯಲ್ಲಿ ವರ್ಗವಿಲ್ಲದ ಕಷ್ಟ ಇದಾದರೆ, ಮೇಲಿನ ತುದಿಯ ಕಷ್ಟವನ್ನೂ ಹಾಗೆಯೇ ಊಹಿಸಬಹುದು.

ಆದಿಯಲ್ಲಿ ತೂಕದ ವಿಚಾರವೇ ಇರಲಿಲ್ಲ. ಇಂಗ್ಲೆಂಡಿನಲ್ಲಿ ಬರಿಗೈಯ ಕಾಳಗ ನಡೆಯುತ್ತಿದ್ದ ಕಾಲದಲ್ಲಿ, 1743ರಲ್ಲಿ, ಜ್ಯಾಕ್ ಬ್ರಾಟನ್ ಎಂಬವನು ಕೆಲವು ಕಟ್ಟಳೆಗಳನ್ನು ಮಾಡಿದನು. ಬಿದ್ದವನನ್ನು ಹೊಡೆಯಬಾರದೆಂಬುದು ಅದರಲ್ಲುಂಟು. ಸಣ್ಣವನನ್ನು ದೊಡ್ಡವನೊಡನೆ ಜೋಡಿಸಬಾರದೆಂಬುದು ಇಲ್ಲ. 1867ರಲ್ಲಿ ಕ್ವೀನ್ಸ್‌ಬರಿ ಪ್ರಭುವಿನ ಹೆಸರಿನಲ್ಲಿ ಪ್ರಕಟವಾದ ನಿಯಮಗಳಿಂದ ಕೈಗವಸು, ಮೂರು ನಿಮಿಷದ ಸುತ್ತು, ಹತ್ತರ ಎಣಿಕೆ ಇವೆಲ್ಲ ಬಂದವು. 1909ರಲ್ಲಿ ಲಂಡನ್ನಿನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್ಬಿನವರು ಎಂಟು ವರ್ಗಗಳನ್ನು ಗೊತ್ತುಮಾಡಿದರು. ಅವುಗಳಲ್ಲಿ ಕಡೆಯದು ಹೆವಿವೇಟ್, ಅಂದರೆ 175 ಪೌಂಡಿನ ಮೇಲೆ ಎಷ್ಟಾದರೂ ಸರಿ. ಆ ಕಾಲಕ್ಕೆ ಅದು ಅವಿವೇಕವಾಗಿರಲಿಲ್ಲ. 1897ರಲ್ಲಿ ಬಾಬ್ ಫಿಟ್ಸಿಮನ್ಸನು ಕಾರ್ಬೆಟ್ಟನನ್ನು ಕೆಡವಿ ಹೆವಿವೇಟ್ ಪಟ್ಟವನ್ನು ಗೆದ್ದಾಗ ಅವನ ತೂಕ ಸುಮಾರು 167 ಪೌಂಡು. 1956ರಲ್ಲಿ ಒಂದೂ ಸೋಲನ್ನು ಕಾಣದೆ 49 ಗೆಲುವುಗಳೊಡನೆ ನಿವೃತ್ತನಾದ ರಾಕಿ ಮಾರ್ಸಿಯಾನೋವಿನ ತೂಕ 185ರ ಆಸುಪಾಸು. ಇಂದಿನ ಲೆಕ್ಕದಲ್ಲಿ ಮೊದಲನೆಯವನು ಮಧ್ಯಮಭಾರದವರ ನೆರೆಯವನು, ಎರಡನೆಯವನು ಹೆವಿವೇಟಿನ ಹೊಸಿಲಾಚೆ ನಿಲ್ಲತಕ್ಕವನು.

ಪ್ರಸಂಗವಶಾತ್ ಒಂದು ಮಾತು. ಮಲ್ಲರನ್ನು ವರ್ಗವಾಗಿ ವಿಂಗಡಿಸುವ ಬುದ್ಧಿ ಲಂಡನ್ನಿನವರಿಗೇ ಮೊದಲು ಹೊಳೆಯಿತೆಂದು ತಿಳಿಯಬೇಕಾಗಿಲ್ಲ. ನಮ್ಮ ಕಲ್ಯಾಣದ ಚಾಲುಕ್ಯರಾಜನಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದದ ಪ್ರಕರಣವೊಂದಿದೆ. ಅಲ್ಲಿ ದೇಹಪ್ರಮಾಣ, ಬಲ, ಅಭ್ಯಾಸ ಇವುಗಳನ್ನು ನೋಡಿ ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಬೇರ್ಪಡಿಸಿರುವರು. ನಾವು 'ಜೆಟ್ಟಿ' ಎನ್ನುವ ಮಾತು ಈ ಜ್ಯೇಷ್ಠಿಯಿಂದಲೇ ಇಳಿದುಬಂದುದೆಂದು ಬಲ್ಲವರು ಹೇಳುವರು.

ಈಗ ವೃತ್ತಿ ಬಾಕ್ಸಿಂಗಿನಲ್ಲಿ ಎಂಟಿದ್ದ ವರ್ಗಗಳು ಹದಿನೇಳಾಗಿವೆ. ಇವುಗಳ ನಡುವಣ ಅಂತರವನ್ನು ನೋಡಿದರೆ ವಿಚಿತ್ರವೆನಿಸುವುದು. ಕೆಳತುದಿಯಲ್ಲಿ 105, 108, 112, 115, 118 ಪೌಂಡು. ಒಂದು ಮೆಟ್ಟಿಲಿಗೂ ಮತ್ತೊಂದಕ್ಕೂ ಮೂರೋ ನಾಲ್ಕೋ ಪೌಂಡು ಮಾತ್ರ. ಬೆಳಗಿನ ಉಪಾಹಾರವನ್ನು ಚೆನ್ನಾಗಿ ತೀರಿಸಿದವನು ಮುಂದಿನ ವರ್ಗಕ್ಕೆ ಹೋಗಿಬಿಡುವನು! 105 ಪೌಂಡಿನವನಿಗೆ ಮೂರು ಪೌಂಡೆಂದರೆ ನೂರಕ್ಕೆ ಮೂರು ಪಾಲೂ ತುಂಬಲಿಲ್ಲ. ಅಷ್ಟು ಅಂತರವಾದರೂ ಅನ್ಯಾಯವೆಂದು ಬೇರೆ ವರ್ಗ ಮಾಡಿದವರು, ಮೇಲ್ತುದಿಯಲ್ಲಿ ನೂರಕ್ಕೆ ಹದಿನೇಳು, ಮೂವತ್ತು, ನಲವತ್ತೈದು ಪಾಲು ಅಂತರವಿದ್ದರೂ ಸುಮ್ಮನಿರುವರು. ಸೂಜಿಗೆ ಲೆಕ್ಕವಿಟ್ಟು ಒನಕೆಯನ್ನು ಬಿಟ್ಟಂತಾಯಿತು.

ತೂಕದಿಂದ ನಿಜವಾಗಿಯೂ ಅಷ್ಟು ಲಾಭವುಂಟೆ? ಉಂಟು, ಆದರೆ ಜನರು ನಂಬಿರುವ ರೀತಿಯಲ್ಲಿ ಅಲ್ಲ. ಹೊಡೆತದ ಬಲವು ಮುಷ್ಟಿಯ ವೇಗವನ್ನೂ, ಆ ಮುಷ್ಟಿಯ ಹಿಂದೆ ಕೂಡಿಬರುವ ದೇಹಭಾಗದ ತೂಕವನ್ನೂ ಅವಲಂಬಿಸಿರುವುದು. ಹೊಟ್ಟೆಯಲ್ಲಿ ಶೇಖರವಾದ ಕೊಬ್ಬು ಮುಷ್ಟಿಯೊಡನೆ ಬರುವುದಿಲ್ಲ. ಕಾಲು, ಸೊಂಟ, ಭುಜಗಳ ಮಾಂಸಖಂಡ ಬರುವುದು. ಮತ್ತೊಂದು ನಿಯಮವುಂಟು: ದೇಹವು ಎಲ್ಲ ಕಡೆಗೂ ಸಮವಾಗಿ ಬೆಳೆದರೆ ಮಾಂಸಖಂಡದ ಶಕ್ತಿಯು ಅದರ ಅಡ್ಡಕೊಯ್ತದ ವಿಸ್ತೀರ್ಣದಂತೆ ಹೆಚ್ಚುವುದು, ತೂಕವಾದರೋ ಘನಪ್ರಮಾಣದಂತೆ ಹೆಚ್ಚುವುದು. ಆದಕಾರಣ ಇಮ್ಮಡಿ ತೂಕದವನಿಗೆ ಇಮ್ಮಡಿ ಶಕ್ತಿಯಿರುವುದಿಲ್ಲ. ತನ್ನ ಮೈಯನ್ನೇ ಹೊತ್ತು ತಿರುಗುವುದರಲ್ಲಿ ಅವನು ಬೇಗ ದಣಿಯುವನು. 120 ಪೌಂಡಿನವನಿಗೂ 150 ಪೌಂಡಿನವನಿಗೂ ಇರುವ ಅಂತರ ಎಷ್ಟು ಕ್ರೂರವೋ, 230 ಪೌಂಡಿನವನಿಗೂ 260 ಪೌಂಡಿನವನಿಗೂ ಇರುವ ಅಂತರ ಅಷ್ಟು ಕ್ರೂರವಲ್ಲ. ಇಷ್ಟರಿಂದ ಅಂತರವೇ ಇಲ್ಲವೆಂದು ಹೇಳಲಾಗದು. ಎತ್ತರದವನ ತೋಳು ಉದ್ದ. ಅವನು ದೂರದಿಂದಲೇ ಮುಟ್ಟುವನು. ಹತ್ತಿರ ಬಂದವನನ್ನು ತಬ್ಬಿ, ಕೊರಳ ಮೇಲೆ ತನ್ನ ಭಾರವನ್ನೆಲ್ಲ ಹೇರಿ ಒರಗುವನು. ಹನ್ನೆರಡು ಸುತ್ತುಗಳವರೆಗೆ ಇಂತಹ ಹೊರೆಯನ್ನು ಹೊತ್ತವನ ಕಾಲುಗಳು ಸೋಲದಿರುವುದು ಕಷ್ಟ.

1934ರ ಮಾರ್ಚ್ 1ರಂದು ಅಮೆರಿಕದ ಮಯಾಮಿಯಲ್ಲಿ ನಡೆದುದು ಇದೇ. ಇಟಲಿಯ ಪ್ರಿಮೊ ಕಾರ್ನೆರಾ 270 ಪೌಂಡಿನವನು. ಅವನನ್ನು ಎದುರಿಸಿದ ಟಾಮಿ ಲಾಕ್ರನ್ 184 ಪೌಂಡಿನವನು. ಲಾಕ್ರನ್ನನು ಹಗುರ ವರ್ಗದಲ್ಲಿ ಪಟ್ಟವನ್ನಾಳಿದ ಚತುರ. ಕಾರ್ನೆರನಾದರೋ ವಿದ್ಯೆಯಲ್ಲಿ ಸಾಮಾನ್ಯ. ಹದಿನೈದು ಸುತ್ತು ಕಾದಾಡಿ ಕಾರ್ನೆರನೇ ಅಂಕಗಳ ಮೇಲೆ ಗೆದ್ದನು. 86 ಪೌಂಡಿನ ಅಂತರವು ವಿದ್ಯೆಯನ್ನು ನುಂಗಿತು.

ಆದರೆ ಇದೇ ಕಾರ್ನೆರನ ಕಥೆಯ ಮುಂದಿನ ಭಾಗವನ್ನೂ ಹೇಳಬೇಕು. ಅದೇ ವರ್ಷ ಜೂನ್ 14ರಂದು, ಅವನಿಗಿಂತ ಐವತ್ತಕ್ಕೂ ಹೆಚ್ಚು ಪೌಂಡು ಕಡಿಮೆ ತೂಗುತ್ತಿದ್ದ ಮ್ಯಾಕ್ಸ್ ಬೇರನು ಅವನನ್ನು ಮತ್ತೆ ಮತ್ತೆ ನೆಲಕ್ಕೆ ಕೆಡವಿ ಹನ್ನೊಂದನೆಯ ಸುತ್ತಿನಲ್ಲಿ ಪಟ್ಟವನ್ನು ಕಸಿದುಕೊಂಡನು. ಮರುವರ್ಷ ಜೂನ್ 25ರಂದು 196 ಪೌಂಡಿನ ಜೋ ಲೂಯಿಸನು ಆರನೆಯ ಸುತ್ತಿನಲ್ಲಿಯೇ ಅವನ ಕಥೆಯನ್ನು ಮುಗಿಸಿದನು. ಇದಕ್ಕೂ ಹಿಂದೆ, 1919ರ ಜುಲೈ 4ರಂದು ಟೊಲಿಡೊ ನಗರದಲ್ಲಿ 187 ಪೌಂಡಿನ ಜ್ಯಾಕ್ ಡೆಂಪ್ಸಿಯು 245 ಪೌಂಡಿನ ಜೆಸ್ ವಿಲ್ಲರ್ಡನನ್ನು ಮೊದಲನೆಯ ಸುತ್ತಿನಲ್ಲಿಯೇ ಏಳು ಸಲ ಬೀಳಿಸಿದನು. ವಿಲ್ಲರ್ಡನು ನಾಲ್ಕನೆಯ ಸುತ್ತಿಗೆ ಏಳಲೇ ಇಲ್ಲ. (ಎದುರಾಳಿ ಬಿದ್ದಾಗ ದೂರದ ಮೂಲೆಗೆ ಸರಿಯಬೇಕೆಂಬ ನಿಯಮ ಆಗ ಇರಲಿಲ್ಲವಾದ್ದರಿಂದ ಡೆಂಪ್ಸಿಯು ಪಕ್ಕದಲ್ಲಿಯೇ ನಿಂತು, ಏಳುತ್ತಿದ್ದವನನ್ನು ಮತ್ತೆ ಹೊಡೆಯುತ್ತಿದ್ದನು. ಆ ಗೆಲುವನ್ನು ಹೊಗಳುವವರು ಇದನ್ನು ಸಾಮಾನ್ಯವಾಗಿ ಮರೆಯುವರು.) ನಮ್ಮ ಕಾಲಕ್ಕೆ ಬಂದರೆ, 2009ರ ನವೆಂಬರ್ 7ರಂದು ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಡೇವಿಡ್ ಹೇ ಎಂಬವನು ಏಳಡಿ ಎತ್ತರದ, 316 ಪೌಂಡು ತೂಕದ ನಿಕೊಲಾಯ್ ವಲುಯೆವನನ್ನು ಅಂಕಗಳ ಮೇಲೆ ಸೋಲಿಸಿದನು. ಹೇ ತೂಗುತ್ತಿದ್ದುದು 217 ಪೌಂಡು ಚಿಲ್ಲರೆ. ಅಂತರ ಹೆಚ್ಚುಕಡಿಮೆ ನೂರು ಪೌಂಡು!

ರಿಯಾಧಿನಲ್ಲಿ ಆದುದೇನು? ಒಂಬತ್ತನೆಯ ಸುತ್ತಿನಲ್ಲಿ ಫ್ಯೂರಿಯು ಹಗ್ಗಗಳ ಮೇಲೆ ತೂರಾಡಿದನು. ಮೂವರು ತೀರ್ಪುಗಾರರಲ್ಲಿ ಇಬ್ಬರು ಉಸಿಕನಿಗೆ ಜಯವಿತ್ತರು. ಅದೇ ವರ್ಷ ಡಿಸೆಂಬರ್ 21ರಂದು ಮರುಪಂದ್ಯವಾದಾಗ ಫ್ಯೂರಿಯ ತೂಕ 281 ಪೌಂಡು, ಉಸಿಕನದು 226; ಈ ಸಲ ಮೂವರೂ ಉಸಿಕನ ಕಡೆಗೇ ಒಪ್ಪಿದರು.

ಇಷ್ಟನ್ನು ಕೇಳಿ 'ಇನ್ನೇನು, ಸಣ್ಣವನೇ ಯಾವಾಗಲೂ ಗೆಲ್ಲುವನು, ಹೊಸ ವರ್ಗ ಬೇಡ' ಎನ್ನುವವರು ತರ್ಕದಲ್ಲಿ ಎಡವುವರು. ಹುಲಿಯನ್ನು ಗೆದ್ದ ಆಡಿನ ಕಥೆಯನ್ನು ನಾವು ಹೇಳುವೆವು. ಹುಲಿ ತಿಂದ ಆಡುಗಳ ಕಥೆಯನ್ನು ಯಾರೂ ಬರೆದಿಡುವುದಿಲ್ಲ. ಡೆಂಪ್ಸಿ, ಲೂಯಿಸ್, ಉಸಿಕ್ ಇವರು ಶತಮಾನಕ್ಕೆ ಬೆರಳೆಣಿಕೆಯ ಪ್ರತಿಭಾವಂತರು. ಹಳ್ಳಿಹಟ್ಟಿಗಳ ಸಣ್ಣ ಸಭಾಂಗಣಗಳಲ್ಲಿ, ಹೊಟ್ಟೆಪಾಡಿಗಾಗಿ, ಐವತ್ತು ಅರವತ್ತು ಪೌಂಡು ಹೆಚ್ಚು ತೂಗುವವರ ಕೈಯಲ್ಲಿ ಏಟು ತಿಂದು ಮನೆಗೆ ಹೋದವರ ಹೆಸರು ಯಾವ ಪುಸ್ತಕದಲ್ಲಿಯೂ ದೊಡ್ಡ ಅಕ್ಷರದಲ್ಲಿಲ್ಲ. ನಿಯಮವನ್ನು ಮಾಡತಕ್ಕುದು ಇಂತಹವರಿಗಾಗಿ. ಪ್ರತಿಭಾವಂತರು ನಿಯಮವಿದ್ದರೂ ಇಲ್ಲದಿದ್ದರೂ ಬದುಕಿಕೊಳ್ಳುವರು.

1933ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ಇದೇ ಕಾರ್ನೆರನೊಡನೆ ಕಾದಿದ ಅರ್ನಿ ಶಾಫ್ ಎಂಬ ಯುವಕನು ಮೂರ್ಛೆಹೋಗಿ ನಾಲ್ಕು ದಿನಗಳ ಬಳಿಕ ಮೃತಪಟ್ಟನು. ಊರೆಲ್ಲ ಗದ್ದಲವಾಯಿತು. ಕಾರ್ನೆರನಂತಹ ಮಹಾಕಾಯರನ್ನು ಅವರವರೊಳಗೇ ಕಾದಿಸಬೇಕು, ಅವರಿಗೆ 'ಡ್ರೆಡ್‌ನಾಟ್' ಎಂಬ ಯುದ್ಧದ ಹಡಗಿನ ಹೆಸರಿನಿಂದ ಬೇರೊಂದು ವರ್ಗವನ್ನೇ ಕಲ್ಪಿಸಬೇಕೆಂಬ ಮಾತು ಹೊರಟಿತು. ಆದರೆ ವೈದ್ಯರು ಪರೀಕ್ಷಿಸಿದಾಗ ಶಾಫನು ಕಣಕ್ಕೆ ಇಳಿಯುವ ಮೊದಲೇ ರೋಗಿಯಾಗಿದ್ದನೆಂದೂ, ಮಿದುಳಿನ ಪೊರೆಗೆ ಬಾವು ಬಂದಿತ್ತೆಂದೂ ಕಂಡಿತು. ಹಿಂದಿನ ವರ್ಷ ಅವನು ಬೇರನಿಂದ ತಿಂದ ಏಟುಗಳನ್ನೂ ಜನರು ಆಗ ನೆನೆದರು. ಜ್ವರದಿಂದ ಎದ್ದು ಬಂದವನನ್ನು ಕಣಕ್ಕೆ ಬಿಟ್ಟವರು ಯಾರು ಎಂಬ ಪ್ರಶ್ನೆ ಹಿಂದೆ ಬಿದ್ದು, ಕಾರ್ನೆರನ ತೂಕ ಮುಂದೆ ಬಂದಿತು. ಡ್ರೆಡ್‌ನಾಟ್ ವರ್ಗವಂತೂ ನೆಲೆಗೊಳ್ಳಲಿಲ್ಲ.

ಆಮೇಲೆ ನಡೆದ ಪ್ರಯೋಗಗಳು ಮೂರು. 1979ರಲ್ಲಿ ವಿಶ್ವ ಬಾಕ್ಸಿಂಗ್ ಮಂಡಳಿಯವರು ಹೆವಿವೇಟಿನ ಕೆಳಗೆ 190 ಪೌಂಡಿನ ಮಿತಿಯುಳ್ಳ 'ಕ್ರೂಸರ್‌ವೇಟ್' ಎಂಬುದನ್ನು ಸೃಷ್ಟಿಸಿದರು. ಆ ಮಿತಿ ಈಗ 200ಕ್ಕೆ ಏರಿರುವುದು. ಎರಡನೆಯದು ಒಲಿಂಪಿಕ್ಸಿನದು. 1984ರ ಲಾಸ್ ಏಂಜಲೀಸ್ ಕ್ರೀಡಾಕೂಟದಿಂದ ಹೆವಿವೇಟನ್ನು 91 ಕಿಲೋಗಳಿಗೆ ನಿಲ್ಲಿಸಿ, ಅದಕ್ಕೆ ಮೇಲ್ಪಟ್ಟವರಿಗೆ 'ಸೂಪರ್ ಹೆವಿವೇಟ್' ಎಂಬ ವರ್ಗವನ್ನು ತೆರೆದರು. ನಾವು ಕೇಳುತ್ತಿರುವುದು ಇದನ್ನೇ ಅಲ್ಲವೆ! ಅಲ್ಲಿ ಮೊದಲನೆಯ ಚಿನ್ನವನ್ನು ಅಮೆರಿಕದ ಟೈರೆಲ್ ಬಿಗ್ಸ್ ಪಡೆದನು. ನಾಲ್ಕು ವರ್ಷಗಳ ತರುವಾಯ ಲೆನಾಕ್ಸ್ ಲೂಯಿಸ್, 1996ರಲ್ಲಿ ವ್ಲಾದಿಮಿರ್ ಕ್ಲಿಚ್ಕೊ, 2012ರಲ್ಲಿ ಆಂಟನಿ ಜೋಶುವಾ ಇವರೆಲ್ಲ ಆ ದಾರಿಯಿಂದಲೇ ಬಂದು ವೃತ್ತಿಯಲ್ಲಿಯೂ ಪಟ್ಟವನ್ನೇರಿದರು. ಇದರಿಂದ ಯಾರಿಗೂ ಕೇಡಾಗಲಿಲ್ಲ. ನಮ್ಮ ದೇಶದ ಮಟ್ಟಿಗೆ ಹೇಳುವುದಾದರೆ, 1982ರ ದೆಹಲಿ ಏಷ್ಯನ್ ಕ್ರೀಡೆಗಳಲ್ಲಿ ಹೆವಿವೇಟ್ ಚಿನ್ನವನ್ನು ಗೆದ್ದ ಪಂಜಾಬಿನ ಕೌರ್‌ಸಿಂಗರು ಹಳೆಯ ಏರ್ಪಾಡಿನ ಕಾಲದವರು. ಹೊಸ ಸೂಪರ್ ಹೆವಿವೇಟಿನಲ್ಲಿ ಒಲಿಂಪಿಕ್ಸಿಗೆ ಅರ್ಹರಾದ ಭಾರತೀಯರಲ್ಲಿ ಮೊದಲಿಗರು ಉತ್ತರಪ್ರದೇಶದ ಸತೀಶಕುಮಾರರು.

ಆ ಸತೀಶಕುಮಾರರ ಪಂದ್ಯವನ್ನು ನೋಡಿದವರು ಮರೆತಿರಲಾರರು. 2021ರ ಆಗಸ್ಟ್ 1ರಂದು ಟೋಕಿಯೋದಲ್ಲಿ, ಹಿಂದಿನ ಪಂದ್ಯದ ಗಾಯಕ್ಕೆ ಹಾಕಿದ ಹೊಲಿಗೆಗಳನ್ನು ಮುಖದಲ್ಲಿ ಹೊತ್ತು ಅವರು ಉಜ್ಬೆಕಿಸ್ತಾನದ ಬಖೋದಿರ್ ಜಲೊಲೊವನೆದುರು ನಿಂತರು. ಜಲೊಲೊವನು ಎರಡು ಮೀಟರಿಗೂ ಮಿಗಿಲಾದ ಎತ್ತರದವನು. ಸತೀಶರು ಐದಕ್ಕೆ ಸೊನ್ನೆಯಿಂದ ಸೋತರೂ ಕೊನೆಯ ಗಂಟೆಯವರೆಗೆ ಕಾಲಮೇಲೆಯೇ ಇದ್ದರು. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಇದು ಹೆವಿವೇಟಿಗೂ ಮೇಲಿನ ವರ್ಗ. ಅಲ್ಲಿಯೂ ಅಸಮತೆ ತಪ್ಪಲಿಲ್ಲ. ಎಲ್ಲಿ ಗೆರೆಯೆಳೆದರೂ ಅದರ ಮೇಲೆ ಗೆರೆಯಿಲ್ಲದ ಒಂದು ಬಯಲು ಉಳಿದೇ ಉಳಿಯುವುದು. 91ಕ್ಕೆ ಎಳೆದರೆ 120ರವನು ಬರುವನು. 120ಕ್ಕೆ ಎಳೆದರೆ 145ರ ವಲುಯೆವನು ಬರುವನು. ನಮ್ಮ ತಾರ್ಕಿಕರು ಅನವಸ್ಥಾದೋಷವೆಂದು ಕರೆದುದು ಇದನ್ನೇ.

ಕುಸ್ತಿಯವರು ಈ ದೋಷಕ್ಕೆ ಬೇರೆ ಪರಿಹಾರವನ್ನು ಕಂಡರು. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ 400 ಪೌಂಡು ಮೀರಿದ ಕ್ರಿಸ್ ಟೇಲರನನ್ನು ಜರ್ಮನಿಯ ವಿಲ್ಫ್ರೀಡ್ ಡೀಟ್ರಿಖನು ಹಿಂದಕ್ಕೆ ಬಾಗಿ ಎತ್ತಿ ಒಗೆದ ಚಿತ್ರವು ಲೋಕಪ್ರಸಿದ್ಧವಾಯಿತು. ಆದರೂ 1988ರ ಹೊತ್ತಿಗೆ ಒಲಿಂಪಿಕ್ ಕುಸ್ತಿಯ ಕಡೆಯ ವರ್ಗಕ್ಕೆ 130 ಕಿಲೋಗಳ ಮೇಲ್ಮಿತಿಯನ್ನು ಹಾಕಿಬಿಟ್ಟರು. ಅದಕ್ಕಿಂತ ಭಾರವಾದವನು ಇಳಿಸಿಕೊಂಡು ಬರಲಿ, ಇಲ್ಲವೆ ಮನೆಯಲ್ಲಿರಲಿ ಎಂದರು. ಇದು ಕಟುವಾದರೂ ಸ್ಪಷ್ಟ. ಕುಸ್ತಿಯನ್ನೂ ಮುಷ್ಟಿಯನ್ನೂ ಬೆರೆಸಿದ ಮಿಶ್ರ ಸಮರಕಲೆಯಲ್ಲಿ ಹೆವಿವೇಟನ್ನು 265 ಪೌಂಡಿಗೆ ನಿಲ್ಲಿಸಿ, ಮೇಲೆ ಸೂಪರ್ ಹೆವಿವೇಟ್ ಎಂದು ನಿಯಮದಲ್ಲಿ ಬರೆದಿರುವರು. ಆದರೆ ದೊಡ್ಡ ಸಂಸ್ಥೆಗಳು ಅದನ್ನು ನಡೆಸುವುದಿಲ್ಲ. ಅದಕ್ಕೆ ಬೇಕಾದಷ್ಟು ಜನರು ಸಿಕ್ಕುವುದು ದುರ್ಲಭ. ಆಡುವವರಿಲ್ಲದ ವರ್ಗ ಮದುಮಕ್ಕಳಿಲ್ಲದ ಚಪ್ಪರದಂತೆ.

ಮೂರನೆಯ ಪ್ರಯೋಗವು ತೀರ ಈಚಿನದು, ಸ್ವಲ್ಪ ನಗೆಯನ್ನೂ ತರಿಸುವಂತಹದು. 2020ರಲ್ಲಿ ಮೇಲೆ ಹೇಳಿದ ವಿಶ್ವ ಬಾಕ್ಸಿಂಗ್ ಮಂಡಳಿಯವರು 200ರಿಂದ 224 ಪೌಂಡುಗಳವರೆಗಿನ ಒಂದು ಹೊಸ ವರ್ಗವನ್ನು ಸ್ಥಾಪಿಸಿದರು. ಮೇಲೆ ಕಟ್ಟುವುದರ ಬದಲು ಕೆಳಗೆ ಕೊರೆದರು. ಫಲ ಒಂದೇ, 224ಕ್ಕೆ ಮೇಲಿನವರು ಪ್ರತ್ಯೇಕವಾದರು. ಅಮೆರಿಕದ ವಯೋಮಿಂಗ್ ಸಂಸ್ಥಾನದಲ್ಲಿ ಆ ವರ್ಷ ತಂಗಿಯ ಮೇಲೆರಗಿದ ನಾಯಿಗೆ ಅಡ್ಡನಿಂತು ತಾನು ಗಾಯಗೊಂಡ ಬ್ರಿಜರ್ ಎಂಬ ಆರು ವರ್ಷದ ಬಾಲಕನ ಗೌರವಾರ್ಥವಾಗಿ ಅದಕ್ಕೆ 'ಬ್ರಿಜರ್‌ವೇಟ್' ಎಂದು ನಾಮಕರಣವಾಯಿತು. ಹೆಸರು ಸುಂದರವೇ. 2021ರ ಅಕ್ಟೋಬರಿನಲ್ಲಿ ಆಸ್ಕರ್ ರಿವಾಸ್ ಎಂಬವನು ಮೊದಲನೆಯ ಪಟ್ಟವನ್ನು ಗೆದ್ದನು. 2024ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಲಾರೆನ್ಸ್ ಒಕೊಲಿ ಅದೇ ಪಟ್ಟವನ್ನು ಮೊದಲನೆಯ ಸುತ್ತಿನಲ್ಲಿಯೇ ವಶಪಡಿಸಿಕೊಂಡು, ವರ್ಷ ಮುಗಿಯುವುದರೊಳಗೆ ಹೆವಿವೇಟಿಗೆ ಏರಿದನು. ಕೀರ್ತಿಯೂ ಹಣವೂ ಮೇಲಿನ ಮನೆಯಲ್ಲಿರುವಾಗ ನಡುಮನೆಯಲ್ಲಿ ಯಾರು ತಾನೆ ನಿಲ್ಲುವರು? ನಾಲ್ಕು ಮುಖ್ಯ ಸಂಸ್ಥೆಗಳಲ್ಲಿ ಒಂದು ಅನಂತರ ಇವರನ್ನು ಅನುಸರಿಸಿತು, ಉಳಿದೆರಡು ಅನುಸರಿಸಲಿಲ್ಲ. ಎಲ್ಲಕ್ಕೂ ಮಿಗಿಲಾದ ಸ್ವಾರಸ್ಯವೆಂದರೆ, ರಿಯಾಧಿನಲ್ಲಿ ಫ್ಯೂರಿಯನ್ನು ಸೋಲಿಸಿದ ರಾತ್ರಿ ಉಸಿಕನ ತೂಕ 223½ ಪೌಂಡು. ಮಂಡಳಿಯವರ ಸ್ವಂತ ಲೆಕ್ಕದಂತೆ ಅವನು ಬ್ರಿಜರ್‌ವೇಟಿನವನು! ಯಾರನ್ನು ದೈತ್ಯರಿಂದ ರಕ್ಷಿಸಲು ವರ್ಗವನ್ನು ಮಾಡಿದರೋ ಅವನೇ ದೈತ್ಯರ ದೊರೆಯಾದನು.

ಹೊಸ ವರ್ಗ ಬೇಡವೆನ್ನುವವರ ಒಂದು ವಾದವನ್ನು ನಾನು ಬಹಳ ತೂಕದ್ದೆಂದು ಎಣಿಸುವೆನು. ಉಳಿದೆಲ್ಲ ವರ್ಗಗಳಲ್ಲಿ ಆಟಗಾರರು ತಕ್ಕಡಿಯೇರುವ ಮುನ್ನ ಅನ್ನನೀರು ಬಿಟ್ಟು, ಬೆವರಿಳಿಸಿ ಮೈಯನ್ನು ಒಣಗಿಸುವರು. ಮರುದಿನ ಅದೇ ಒಣಗಿದ ಮೈಯಿಂದ ತಲೆಗೆ ಏಟು ತಿನ್ನುವರು. ಇದು ಅಪಾಯಕರವೆಂದು ವೈದ್ಯರು ಎಚ್ಚರಿಸುತ್ತಲೇ ಇರುವರು. ಹೆವಿವೇಟಿನವನೊಬ್ಬನೇ ಹೊಟ್ಟೆತುಂಬ ಉಂಡು ಕಣಕ್ಕೆ ಬರುವ ಭಾಗ್ಯವಂತ. 225ಕ್ಕೋ 240ಕ್ಕೋ ಒಂದು ಗೆರೆಯೆಳೆದರೆ, ಅದಕ್ಕಿಂತ ಹದಿನೈದು ಪೌಂಡು ಹೆಚ್ಚಿನವನು ಉಪವಾಸದಿಂದ ಇಳಿದುಬಂದು, ಪಂದ್ಯದ ಹೊತ್ತಿಗೆ ಮತ್ತೆ ಏರಿಕೊಳ್ಳುವನು. ರಕ್ಷಿಸಹೊರಟ ನಿಯಮವೇ ಹೊಸ ಅಪಾಯಕ್ಕೆ ದಾರಿಮಾಡುವುದು. ಇನ್ನು ಪಟ್ಟಗಳ ಸಂಖ್ಯೆ ಹೆಚ್ಚಿದಷ್ಟೂ ಸಂಸ್ಥೆಗಳಿಗೆ ಸಲ್ಲುವ ಶುಲ್ಕವೂ ಹೆಚ್ಚುವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ಅಸಮರ ಕಾಳಗವನ್ನು ನೋಡಿ ಸುಮ್ಮನಿರಬಹುದೆ? ಭಾಗವತದ ದಶಮಸ್ಕಂಧದಲ್ಲಿ ಕಂಸನ ರಂಗಮಂಟಪದ ಪ್ರಸಂಗವು ವಾಚಕರಿಗೆ ತಿಳಿದೇ ಇದೆ. ಚಾಣೂರ ಮುಷ್ಟಿಕರೆಂಬ ಪರ್ವತಾಕಾರದ ಮಲ್ಲರು ಕರೆದಾಗ ಶ್ರೀಕೃಷ್ಣನು ಮೊದಲು ಆಡುವ ಮಾತು ಇದು: ತಾವು ಬಾಲಕರು, ಸಮಬಲದವರೊಡನೆ ಆಡತಕ್ಕವರು, ಇಲ್ಲವಾದರೆ ಸಭೆಯಲ್ಲಿ ಕುಳಿತವರನ್ನು ಅಧರ್ಮವು ಸೋಂಕುವುದು. ನೆರೆದ ಸ್ತ್ರೀಯರೂ ಇದನ್ನೇ ಹೇಳಿ ಮರುಗುವರು. ಪಾಪವು ಹೊಡೆಯುವವನಿಗೆ ಮಾತ್ರವಲ್ಲ, ನೋಡುತ್ತ ಕುಳಿತವರಿಗೂ ಉಂಟೆಂಬುದು ಅಲ್ಲಿಯ ಅಭಿಪ್ರಾಯ. ಚಾಣೂರನು ಕೊಡುವ ಉತ್ತರವೂ ಅರ್ಥವತ್ತಾದುದೇ: ಆನೆಯನ್ನು ಕೊಂದು ಬಂದವನು ಬಾಲಕನಲ್ಲ ಎನ್ನುವನು. ಅಂದರೆ ಸಮತೆಯನ್ನು ಅಳೆಯತಕ್ಕುದು ಮೈಯಿಂದಲೋ ಸಾಧನೆಯಿಂದಲೋ ಎಂಬ ಚರ್ಚೆ ಅಂದಿನಿಂದಲೂ ಇದ್ದದ್ದೇ.

ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ ಒಂದು ಕ್ರೀಡಾಕೂಟದಲ್ಲಿ ಕುಸ್ತಿಯ ಹುಡುಗರನ್ನು ತೂಗಿ ನೋಡದೆ, ತರಗತಿಯನ್ನು ನೋಡಿ ಜೋಡಿಸಿದ್ದರು. ಒಂಬತ್ತನೆಯ ತರಗತಿಯ ಸಣಕಲ ಬಾಲಕನ ಮೇಲೆ ಅದೇ ತರಗತಿಯ ಗೂಳಿಯಂತಹವನು ಬಿದ್ದು ಕೊರಳ ಬಳಿಯ ಎಲುಬು ಮುರಿಯಿತು. ಆಸ್ಪತ್ರೆಯ ಜಗುಲಿಯಲ್ಲಿ ಆ ಹುಡುಗನ ತಾಯಿ ವ್ಯವಸ್ಥಾಪಕರನ್ನು ಕೇಳಿದಳು: "ಸ್ವಾಮೀ, ಅಕ್ಕಿ ತೂಗೋಕೆ ತಕ್ಕಡಿ ಇರ್ತದೆ, ನಮ್ಮ ಮಕ್ಳನ್ನ ತೂಗೋಕೆ ಇರ್ಲಿಲ್ವಾ?" ಯಾರೂ ಉತ್ತರ ಕೊಡಲಿಲ್ಲ.

ಆದುದರಿಂದ ನನ್ನ ಅಭಿಪ್ರಾಯವು ಎರಡು ಬಗೆಯಾಗಿದೆ. ಬಾಲಕರಿಗೂ, ಕಲಿಯುವವರಿಗೂ, ಪದಕಕ್ಕಾಗಿ ಆಡುವ ಹವ್ಯಾಸಿಗಳಿಗೂ ಗೆರೆಗಳು ಹೆಚ್ಚಾಗಿಯೇ ಇರಲಿ. ಒಲಿಂಪಿಕ್ಸಿನವರು 1984ರಲ್ಲಿ ಮಾಡಿದುದು ಸಾಧುವಾದುದು. ವೃತ್ತಿಯ ಹೆವಿವೇಟಿನ ಮೇಲೆ ಮಾತ್ರ ಮತ್ತೊಂದು ಪಟ್ಟವನ್ನು ಕಟ್ಟಬೇಕಾಗಿಲ್ಲ. ಅದರ ಬದಲು, ಇಬ್ಬರ ನಡುವಣ ಅಂತರಕ್ಕೆ ಮಿತಿಯನ್ನು ಹಾಕಲಿ. ಪಟ್ಟದ ಪಂದ್ಯವಲ್ಲದ ಕಡೆ, ವಿಶೇಷವಾಗಿ ಹತ್ತಿಪ್ಪತ್ತು ಪಂದ್ಯಗಳನ್ನೂ ಆಡದ ಹೊಸಬರಿಗೆ, ತನ್ನ ತೂಕದ ಆರನೆಯ ಒಂದು ಪಾಲಿಗಿಂತ ಹೆಚ್ಚು ಭಾರವಾದವನೊಡನೆ ಕಾದಲು ಅಪ್ಪಣೆಯನ್ನೇ ಕೊಡಬಾರದು. ಅನುಭವಿಯಾದವನು ತಾನಾಗಿ ಒಪ್ಪಿ ಪಟ್ಟಕ್ಕಾಗಿ ಏರಿಹೋಗುವೆನೆಂದರೆ ಹೋಗಲಿ. ಉಸಿಕನನ್ನು ತಡೆಯುವ ನಿಯಮವನ್ನು ನಾನು ಬಯಸಲಾರೆ. ಇನ್ನೊಂದು ಸಣ್ಣ ಸಂಗತಿ: ವೃತ್ತಿಯಲ್ಲಿ 160 ಪೌಂಡಿನವನೂ 280 ಪೌಂಡಿನವನೂ ತೊಡುವುದು ಹತ್ತು ಔನ್ಸಿನ ಒಂದೇ ಅಳತೆಯ ಕೈಗವಸು. ಇದನ್ನಾದರೂ ಮರುವಿಚಾರ ಮಾಡಬಹುದಷ್ಟೆ.

ಏಕೆ ತೂಕವೊಂದನ್ನೇ ನಂಬಿ ಕೂಡಬಾರದೆಂಬುದಕ್ಕೆ ಎರಡು ದಾರುಣ ನಿದರ್ಶನಗಳಿವೆ. 1982ರ ನವೆಂಬರಿನಲ್ಲಿ ಲಾಸ್ ವೇಗಾಸಿನಲ್ಲಿ ರೇ ಮ್ಯಾನ್ಸಿನಿಯೊಡನೆ ಕಾದಿ ಪ್ರಾಣಬಿಟ್ಟ ಕೊರಿಯದ ಕಿಮ್ ಡುಕ್ ಕೂ ಎಂಬ ಯುವಕನು 135 ಪೌಂಡಿನ ವರ್ಗದವನು. ಎದುರಾಳಿಯೂ ಅದೇ ತೂಕದವನು. ಗೆರೆ ಸರಿಯಾಗಿಯೇ ಇತ್ತು. ಹದಿನಾಲ್ಕು ಸುತ್ತುಗಳು ಅತಿಯಾದವು. ಅನಂತರ ಪಟ್ಟದ ಪಂದ್ಯಗಳನ್ನು ಹದಿನೈದರಿಂದ ಹನ್ನೆರಡು ಸುತ್ತಿಗೆ ಇಳಿಸಿದರು. 2013ರ ನವೆಂಬರ್ 2ರಂದು ನ್ಯೂಯಾರ್ಕಿನಲ್ಲಿ ಮಗೊಮೆದ್ ಅಬ್ದುಸಲಾಮೊವ್ ಎಂಬ ಹೆವಿವೇಟಿನವನು ತನ್ನಷ್ಟೇ ತೂಕದವನೊಡನೆ ಹತ್ತು ಸುತ್ತು ಹೋರಾಡಿ ಸೋತನು. ಮಿದುಳಿನೊಳಗೆ ರಕ್ತ ಹೆಪ್ಪುಗಟ್ಟುತ್ತಿದ್ದ ಅವನು ಆಸ್ಪತ್ರೆಗೆ ಹೋದುದು ಬಾಡಿಗೆಯ ಟ್ಯಾಕ್ಸಿಯಲ್ಲಿ. ಬದುಕಿ ಉಳಿದರೂ ನಡೆ ನುಡಿಗಳೆರಡೂ ಹೋದವು. 2017ರಲ್ಲಿ ನ್ಯೂಯಾರ್ಕ್ ಸಂಸ್ಥಾನವು ಅವನ ಕುಟುಂಬಕ್ಕೆ 2 ಕೋಟಿ 20 ಲಕ್ಷ ಡಾಲರುಗಳನ್ನು ಕೊಡಲು ಒಪ್ಪಿತು.

ನಮ್ಮ ಮೈಸೂರಿನಲ್ಲಿ ವಿಜಯದಶಮಿಯ ದಿನ ಅರಮನೆಯಂಗಳದಲ್ಲಿ ನಡೆಯುವ ಜೆಟ್ಟಿಗಳ ವಜ್ರಮುಷ್ಟಿ ಕಾಳಗವನ್ನು ಹೊರಗಿನವರು ಘೋರವೆನ್ನುವರು. ಆದರೆ ಬೋಳಿಸಿದ ತಲೆಯಲ್ಲಿ ರಕ್ತದ ಹನಿ ಕಂಡೊಡನೆಯೇ ಅಲ್ಲಿ ಕಾಳಗ ನಿಲ್ಲುವುದು. ಎಷ್ಟೋ ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವುದು. ಯಾವಾಗ ನಿಲ್ಲಿಸಬೇಕೆಂಬುದನ್ನು ಅಲ್ಲಿಯ ಹಿರಿಯರು ಮೊದಲೇ ಗೊತ್ತುಮಾಡಿರುವರು.

ಮಗುವನ್ನು ಬಾಕ್ಸಿಂಗ್ ಶಾಲೆಗೆ ಕಳುಹಿಸುವ ಗೃಹಸ್ಥರು ಶಿಕ್ಷಕರನ್ನು ನಾಚಿಕೆಯಿಲ್ಲದೆ ಕೇಳಬಹುದು: ಅಭ್ಯಾಸದ ದಿನಗಳಲ್ಲಿಯೂ ತೂಕವನ್ನು ನೋಡಿ ಜೋಡಿಸುವಿರಾ, ಪಂದ್ಯದ ದಿನಕ್ಕೆ ಮಾತ್ರವೋ? ತೂಕವಿಳಿಸಲು ಮಗುವಿಗೆ ಉಪವಾಸ ಹೇಳುವಿರಾ? ಏಟು ಬಿದ್ದು ತಲೆ ತಿರುಗಿದ ಮಗುವನ್ನು ಎಷ್ಟು ದಿನ ಕಣದಿಂದ ದೂರವಿರಿಸುವಿರಿ? ಪಂದ್ಯದಲ್ಲಿ ಟವಲನ್ನು ಎಸೆದು ಸೋಲೊಪ್ಪುವ ಅಧಿಕಾರ ಯಾರ ಕೈಯಲ್ಲಿದೆ, ಅವರು ಹಿಂದೆ ಎಂದಾದರೂ ಅದನ್ನು ಎಸೆದಿರುವರೇ? ಈ ಕಡೆಯ ಪ್ರಶ್ನೆಗೆ ತಡವರಿಸುವ ಶಿಕ್ಷಕನ ಬಳಿಗೆ ಮಗುವನ್ನು ಕಳುಹಿಸುವ ಮೊದಲು ಇನ್ನೊಂದು ಶಾಲೆಯನ್ನೂ ನೋಡಿಬರುವುದು ಲೇಸು.